ಅಪ್ಪ ಬಿಟ್ಟ ಹಾಲು

ಎದುರು ಮನೆಯವರ ಆಕಳು ಈದು ಎರಡು ದಿನವಾಯಿತು. ಇವತ್ತು ಬೆಳಿಗ್ಗೆ ಅವರ ಅಡಿಗೆಮನೆಯಿಂದ ಗಿಣ್ಣ ಬೇಯುವ ವಾಸನೆ ನಮ್ಮ ಪಡಸಾಲೆಯವರೆಗೂ ಬಂತು. ಮೊದಲ ಹಾಲಿಗೆ ಬೆಲ್ಲ, ಏಲಕ್ಕಿ ಹಾಕಿ ಹಬೆಯಲ್ಲಿ ಬೇಯಿಸುವಾಗ ಏಳುತ್ತದಲ್ಲ, ಸಿಹಿಯಾದ, ಸ್ವಲ್ಪ ಹಸಿಯಾದ, ಸ್ವಲ್ಪ ಕೊಟ್ಟಿಗೆಯೂ ಬೆರೆತ ವಾಸನೆ, ಅದು. ಬೇರೆಯವರ ಬಾಯಲ್ಲಿ ನೀರೂರಿಸುವ ಈ ವಾಸನೆ ನನ್ನನ್ನು ಮಾತ್ರ ಕೂತಲ್ಲಿ ಕೂಡಗೊಡುವುದಿಲ್ಲ. ಎದ್ದು ಬಾಗಿಲಿಗೆ ಹೋಗುತ್ತೇನೆ, ತಿರುಗಿ ಬರುತ್ತೇನೆ, ಮಡಿಚಿಟ್ಟ ಸೀರೆಯನ್ನೇ ಬಿಚ್ಚಿ ಮತ್ತೆ ಮಡಿಚುತ್ತೇನೆ. ಹಾನಗಲ್ಲಿನ ಈ ಮನೆಗೆ ಬಂದು ಮೂವತ್ತು ವರ್ಷ ದಾಟಿದೆ, ಸಾಲೆಯ ಮಾಸ್ತರಿಕೆಯಿಂದ ನಿವೃತ್ತಳೂ ಆಗಿದ್ದೇನೆ. ಆದರೂ ಗಿಣ್ಣದ ವಾಸನೆ ಬಂದರೆ ಸಾಕು, ಎಂಟು ವರ್ಷದ ಜೈಬು ಎದ್ದು ಬಂದು ನನ್ನ ಕಾಲಲ್ಲಿ ಓಡಾಡತೊಡಗುತ್ತಾಳೆ. ನಮ್ಮ ಯಜಮಾನರು ಪೇಪರಿನಿಂದ ತಲೆ ಎತ್ತಿ, "ಯಾಕ, ಕಾಲಿಗೆ ಚಕ್ರ ಕಟಗೊಂಡೀಯೇನು?" ಎಂದು ನಗುತ್ತಾರೆ. ನಗಲಿ. ನಿಮಗೂ ಒಂದು ಮನೆ ಇದ್ದಿರಬೇಕು, ಈಗ ಇಲ್ಲದ್ದು; ಅಲ್ಲಿ ಆಡದೆ ಬಿಟ್ಟು ಬಂದ ಮಾತೂ ಒಂದು ಇದ್ದಿರಬೇಕು.

ದುಂಡಸಿಯಲ್ಲಿ ನಮ್ಮದು ಪಿಂಜಾರರ ಮನೆ. ಅಪ್ಪ ಹುಸೇನಸಾಬ ಅರಳೆ ಹಿಂಜಿ ಗಾದಿ ತುಂಬುತ್ತಿದ್ದ. ನಮಾಜಿಗೆ ಅರಬ್ಬಿ, ಉಳಿದದ್ದಕ್ಕೆಲ್ಲ ಕನ್ನಡ. ನಮ್ಮ ಜೋಗುಳವೂ ಕನ್ನಡ, ಜಗಳವೂ ಕನ್ನಡ. ಪಡಸಾಲೆಯ ತೊಲೆಯಿಂದ ಇಳಿಬಿಟ್ಟ ದೊಡ್ಡ ಬಿಲ್ಲಿನ ಹೆದೆಗೆ ಅಪ್ಪ ಮರದ ಹಿಡಿಯಿಂದ ಬಡಿದರೆ ಎದ್ದ ದನಿ ಓಣಿಯ ಆಚೆ ತುದಿಗೂ ಕೇಳುತ್ತಿತ್ತು. ಅರಳೆ ಹಾರಿ ಹಾರಿ ಸಂಜೆಯ ಹೊತ್ತಿಗೆ ಅಪ್ಪನ ಹುಬ್ಬು, ಮೀಸೆ, ಕಿವಿಯ ಕೂದಲು ಎಲ್ಲ ಬೆಳ್ಳಗಾಗುತ್ತಿದ್ದವು. ಮೂವತ್ತನಾಲ್ಕರ ಗಂಡಸು ಎಪ್ಪತ್ತರ ಮುದುಕನಂತೆ ಕಾಣುತ್ತಿದ್ದ. ಆಗ ಹಿತ್ತಲ ಗೋಡೆಯ ಆಚೆಯಿಂದ ಬಸಣ್ಣ ಕಾಕಾ ಹಿತ್ತಾಳೆಯ ತಂಬಿಗೆ ಎತ್ತಿ ಕೊಡುತ್ತಿದ್ದ, ಆಗತಾನೆ ಕರೆದ ಆಕಳ ಹಾಲು. ಅವ್ವ ಅದನ್ನು ಕಾಯಿಸಿ ಬೆಲ್ಲ ಹಾಕಿ ಅಪ್ಪನ ಮುಂದಿಡುತ್ತಿದ್ದಳು. ಗಂಟಲಿಗೆ ಕೂತ ಹತ್ತಿಯ ಧೂಳು ಹಾಲು ಬೆಲ್ಲದಿಂದಲೇ ಇಳಿಯಬೇಕು ಎಂಬುದು ಹಿಂಜುವವರ ನಂಬಿಕೆ. ಅಪ್ಪ ಆ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿ, ಮೀಸೆಗೆ ಕೆನೆ ಹತ್ತಿಸಿಕೊಂಡು ಕುಡಿಯುವುದನ್ನು ನೋಡುವುದೇ ನನಗೊಂದು ಆಟ.

ಆ ಹಾಲಿನ ಹಿಂದೆ ಒಂದು ಕತೆ ಇತ್ತು. ಅಪ್ಪ ಹುಟ್ಟಿದ ಹತ್ತನೇ ದಿನಕ್ಕೆ ಅಜ್ಜಿಗೆ ಜ್ವರ ಬಂದು ಎದೆ ಬತ್ತಿತಂತೆ. ಅಜ್ಜಿಯನ್ನು ನಾವು ಆಯಿ ಎನ್ನುತ್ತಿದ್ದೆವು. ಗೋಡೆಯಾಚೆಯ ಲಿಂಗಾಯತರ ಮನೆಯಲ್ಲಿ ಗೌರವ್ವನೂ ಅದೇ ತಿಂಗಳು ಬಸಣ್ಣನನ್ನು ಹಡೆದಿದ್ದಳು. ಅವಳಿಗೂ ಹಾಲು ಸಾಲುತ್ತಿರಲಿಲ್ಲ. ಅವರ ಕೊಟ್ಟಿಗೆಯ ಕೆಂಪಿ ಎಂಬ ಆಕಳು ಎರಡೂ ಕೂಸುಗಳನ್ನು ಸಾಕಿತು. ಮುಂದೆ ಯಾವಾಗಲೋ ಆಯಿ ಶಿಗ್ಗಾಂವಿಯಲ್ಲಿ ಒಂದು ಪ್ರವಚನ ಕೇಳಿಸಿಕೊಂಡು ಬಂದಳು. ಕೂಸಿಗೆ ಎದೆಹಾಲು ಕೊಟ್ಟವಳು ಹಡೆದ ತಾಯಿಯ ಸಮ, ಆಕೆಯ ಮಕ್ಕಳು ಒಡಹುಟ್ಟಿದವರ ಸಮ, ಅವರಲ್ಲಿ ಲಗ್ನ ಕೂಡ ಆಗುವಂತಿಲ್ಲ ಎಂಬುದು ನಮ್ಮ ದೀನಿನ, ಅಂದರೆ ಧರ್ಮದ, ಕಾಯಿದೆ. ಆಯಿ ಅದನ್ನು ಕೊಟ್ಟಿಗೆಯವರೆಗೆ ಎಳೆದಳು. "ಕೆಂಪಿ ನನ್ನ ಮಗನ ಹಾಲುತಾಯಿ. ಆಕೀ ಕರಾ, ಕರದ ಕರಾ, ಎಲ್ಲಾ ಇವನ ಬಳಗ. ಬಳಗದವರ ಖಂಡ ಯಾರರ ತಿಂತಾರೇನು?" ಅಂದಿನಿಂದ ನಮ್ಮ ಮನೆಗೆ ಕುರಿ, ಕೋಳಿ ಬಂದವೇ ಹೊರತು ದೊಡ್ಡ ಮಾಂಸ, ಅಂದರೆ ಆಕಳು ಎತ್ತುಗಳದ್ದು, ಬರಲಿಲ್ಲ. ಬಸಣ್ಣ ಕಾಕಾನಿಗೆ ಈ ಲೆಕ್ಕಾಚಾರ ಬಹಳ ಸೇರಿತ್ತು. ಅಪ್ಪನ ಹೆಗಲ ಮೇಲೆ ಕೈಹಾಕಿ, "ನಮ್ಮಿಬ್ಬರ ಅವ್ವ ಕೊಟ್ಟಿಗ್ಯಾಗ ಇದ್ಲು ನೋಡ, ಬಾಲ ಇತ್ತು ಆಕಿಗೆ" ಎನ್ನುತ್ತಿದ್ದ. ಇಬ್ಬರೂ ಒಬ್ಬರನ್ನೊಬ್ಬರು ತಮ್ಮಾ ಎಂದೇ ಕರೆಯುತ್ತಿದ್ದರು, ಯಾರು ದೊಡ್ಡವರು ಎಂಬ ಜಗಳ ಬಗೆಹರಿಯಲೇ ಇಲ್ಲ.

ನನಗೆ ಎಂಟು ವರ್ಷವಾದಾಗ, ಎಪ್ಪತ್ತನಾಲ್ಕನೇ ಇಸವಿಯ ಸುಮಾರು, ಅಪ್ಪನ ತಂಗಿ ಮಾಬೂಬಿಗೆ ಸವಣೂರಿನಿಂದ ಸಂಬಂಧ ಬಂತು. ನಾನು ಸಣ್ಣತ್ತಿ ಎನ್ನುತ್ತಿದ್ದ ಅವಳಿಗೆ ಇಪ್ಪತ್ತೈದು ದಾಟಿತ್ತು. ಎರಡು ಸಂಬಂಧ ಬಂದು ಮುರಿದಿದ್ದವು. ಸವಣೂರಿನವರು ಬಳೆ ಅಂಗಡಿಯವರು, ಹುಡುಗ ಗುಣವಂತ. ಆದರೆ ದೊಡ್ಡ ಮಾಂಸ ಮುಟ್ಟದ ಪಿಂಜಾರರ ದೀನು ಪೂರಾ ಇರುತ್ತದೋ ಇಲ್ಲವೋ ಎಂದು ಹುಡುಗನ ದೊಡ್ಡಪ್ಪ ಯಾರೊಂದಿಗೋ ಅಂದರಂತೆ. ಮಾತು ನಮ್ಮ ಮನೆಗೆ ಬಂದ ದಿನದಿಂದ ಆಯಿ ನಿಂತಲ್ಲಿ ನಿಲ್ಲಲಿಲ್ಲ. ಕಡೆಗೆ ನನ್ನ ಕೈ ಹಿಡಿದುಕೊಂಡು ಬಸ್ಸು ಹತ್ತಿ ಸವಣೂರಿನ ಒಬ್ಬ ಮುದಿ ಮೌಲ್ವಿಸಾಬರ ಮುಂದೆ ಹೋಗಿ ಕೂತಳು. ಅವರು ಎಲೆ ಅಡಿಕೆ ಮೆಲ್ಲುತ್ತ ಸಮಾಧಾನದಿಂದ ಕೇಳಿದರು. "ಆಕಳು, ಎತ್ತು, ಎಮ್ಮಿ, ಎಲ್ಲಾ ಹಲಾಲ್ ಅವ ಯವ್ವಾ, ರೀತಿ ಪ್ರಕಾರ ಕೊಯ್ದಿದ್ರ. ಹಾಲೂ ಹಲಾಲ್. ಹಂಗಂತ ತಿನ್ನಲೇಬೇಕು ಅಂತ ಯಾರೂ ಹೇಳಿಲ್ಲ. ಮನಸ್ಸಿಗೆ ಬರದಿದ್ರ ಬಿಡ್ರಿ, ಪಾಪಿಲ್ಲ. ಆದ್ರ ದೇವರು ಹಲಾಲ್ ಮಾಡಿದ್ದನ್ನ ಹರಾಮ್ ಅನ್ನಾಕ ನಾವ್ಯಾರು?" ಎಂದರು. ಆಕಳ ಹಾಲು ಔಷಧ, ಅದರ ಮಾಂಸ ರೋಗ ಎಂದು ಹೇಳುವವರೂ ಇದ್ದಾರೆ, ಆ ಮಾತು ಗಟ್ಟಿಯಾದದ್ದಲ್ಲ ಎನ್ನುವ ಪಂಡಿತರೂ ಇದ್ದಾರೆ, ಅದರ ಜಗಳಕ್ಕೆ ತಾವು ಹೋಗುವುದಿಲ್ಲ ಎಂದೂ ಸೇರಿಸಿದರು. ಆಯಿ ಹಾಲುತಾಯಿಯ ಮಾತು ತೆಗೆದಾಗ ಮಾತ್ರ ಅವರಿಗೆ ನಗು ತಡೆಯಲಿಲ್ಲ. "ಆ ಸಂಬಂಧ ಮನಷ್ಯಾರೊಳಗ ಅಷ್ಟ. ದನಕ್ಕ ಹತ್ತೂದಿಲ್ಲ." ಆಯಿ ಸೋಲುವವಳಲ್ಲ. "ಹಂಗಾದ್ರ ನನ್ನ ಮಗ ಕುಡದದ್ದು ಹಾಲಲ್ಲೇನ್ರಿ?" ಎಂದು ಕೇಳಿ ಎದ್ದು ಬಂದಳು. ಬಸ್ಸಿನಲ್ಲಿ ದಾರಿಯುದ್ದಕ್ಕೂ ತನ್ನಷ್ಟಕ್ಕೇ ಗೊಣಗಿದಳು.

ಮಾತುಕತೆ ಗಟ್ಟಿ ಮಾಡುವ ಊಟ ಸವಣೂರಿನಲ್ಲೇ ಇತ್ತು, ಒಂದು ಶುಕ್ರವಾರ ಮಧ್ಯಾಹ್ನ. ಆಯಿ ಮೊಣಕಾಲು ನೋವೆಂದು ಬರಲಿಲ್ಲ. ನೋವು ಎಲ್ಲಿತ್ತೋ ಅವಳಿಗೇ ಗೊತ್ತು. ಅಪ್ಪ ನನ್ನನ್ನು ಕರೆದುಕೊಂಡು ಹೋದ. ಆ ಮನೆಯಲ್ಲಿ ಗಂಡಸರು ಆರಾರು ಜನ ಒಂದೊಂದು ಪರಾತದ ಸುತ್ತ ಕೂತು ಒಂದೇ ಅನ್ನಕ್ಕೆ ಕೈಹಾಕುವ ರೂಢಿ. ಬೇರೆ ಬೇರೆ ತಾಟು ಇದ್ದಿದ್ದರೆ ಅಪ್ಪ ಹೇಗೋ ಅತ್ತಿತ್ತ ಸರಿಸಿ ಪಾರಾಗುತ್ತಿದ್ದ. ಒಂದೇ ಪರಾತದಲ್ಲಿ ಯಾರ ಕೈ ಎಲ್ಲಿಗೆ ಹೋಗುತ್ತದೆ, ಯಾರ ಕೈ ಹೋಗುವುದಿಲ್ಲ ಎಂಬುದು ಎಲ್ಲರಿಗೂ ಕಾಣುತ್ತದೆ. ಅಪ್ಪ ದೊಡ್ಡ ಮಾಂಸ ಬಿಟ್ಟು ಬರೀ ಅನ್ನ ಉಣ್ಣುತ್ತಿದ್ದ. ಹುಡುಗನ ದೊಡ್ಡಪ್ಪ ಒಂದು ಒಳ್ಳೆಯ ತುಂಡನ್ನು ಆರಿಸಿ ಅಪ್ಪನ ಕಡೆಗೆ ಸರಿಸಿದರು. ಕೆಟ್ಟ ಮನುಷ್ಯರಲ್ಲ ಅವರು, ಬೀಗರಿಗೆ ಮಾಡುವ ಉಪಚಾರವೇ ಅದು. "ತೊಗೋರಿ ಹುಸೇನಸಾಬ್ರ. ಮುಟ್ಟವಲ್ರಿ? ಹರಾಮ್ ಅಂತ ತಿಳದೀರೇನು ಮತ್ತ?" ಎಂದರು. ಪರದೆಯಾಚೆ ಹೆಂಗಸರ ಬಳೆ ಸದ್ದು ನಿಂತಿತು. ಮೌಲ್ವಿಸಾಬರ ಮಾತನ್ನು ಅಪ್ಪ ಹೇಳಬಹುದಿತ್ತು. ಹೇಳುತ್ತಾನೆ ಎಂದು ನಾನು ಬಾಯಿ ತೆರೆದು ಅವನ ಮುಖ ನೋಡುತ್ತಿದ್ದೆ. ಅಪ್ಪ, "ಹಂಗೇನಿಲ್ರಿ" ಎಂದು ಆ ತುಂಡನ್ನು ಬಾಯಿಗಿಟ್ಟುಕೊಂಡ. ಅಗಿಯಲಿಲ್ಲ. ಅವನ ಗಂಟಲು ಒಮ್ಮೆ ಮೇಲೆ ಹೋಗಿ ಕೆಳಗೆ ಬಂದದ್ದು, ಕಣ್ಣಲ್ಲಿ ನೀರು ತುಂಬಿದ್ದು ನಾನು ಕಂಡೆ. ಖಾರ ಹೆಚ್ಚಾಯಿತೇನೋ ಎಂದು ಯಾರೋ ನೀರು ಕೊಟ್ಟರು. ದೊಡ್ಡಪ್ಪ ಎದ್ದು ಬಂದು ಅಪ್ಪನನ್ನು ತಬ್ಬಿಕೊಂಡರು, ಲಗ್ನ ಗಟ್ಟಿಯಾಯಿತು. ಸಣ್ಣತ್ತಿ ಆ ಮನೆಯಲ್ಲಿ ಸುಖವಾಗಿಯೇ ಬಾಳಿದಳು, ಅದನ್ನೂ ಹೇಳಬೇಕು.

ಶಿಗ್ಗಾಂವಿಯಲ್ಲಿ ಬಸ್ಸು ಬದಲಿಸಲು ನಿಂತಾಗ ಅಪ್ಪ ನನಗೆ ಪೆಪ್ಪರಮಿಂಟು ಕೊಡಿಸಿ ಕುಕ್ಕರಗಾಲಲ್ಲಿ ಕೂತು ನನ್ನ ಮುಖಕ್ಕೆ ಮುಖ ಹಚ್ಚಿದ. "ಜೈಬು, ಇವತ್ತ ಅಪ್ಪ ಏನ್ ತಿಂದಾನ ಅಂತ ಯಾರ ಮುಂದೂ ಹೇಳಬ್ಯಾಡ. ಬಸಣ್ಣ ಕಾಕಾನ ಮುಂದ ಅಂತೂ ಸತ್ರೂ ಹೇಳಬ್ಯಾಡ. ಆಣಿ ಮಾಡು." ನಾನು ಬಾಯಲ್ಲಿ ಪೆಪ್ಪರಮಿಂಟು ಇಟ್ಟುಕೊಂಡೇ ಆಣೆ ಮಾಡಿದೆ. ಅವತ್ತು ಸಂಜೆ ಗೋಡೆಯಾಚೆಯಿಂದ ತಂಬಿಗೆ ಬಂತು. ಅವ್ವ ಹಾಲು ಕಾಯಿಸಿ ತಂದಿಟ್ಟಳು. ಅಪ್ಪ ಲೋಟ ಎತ್ತಿದ, ತುಟಿಯವರೆಗೂ ತಂದ, ಕೆಳಗಿಟ್ಟ. ಹೊಟ್ಟೆ ಸರಿ ಇಲ್ಲ ಎಂದ. ಮರುದಿನವೂ ಹಾಗೇ ಅಂದ. ಎಂಟು ದಿನವಾದ ಮೇಲೆ ಏನೂ ಅನ್ನದೆ ಲೋಟವನ್ನು ನನ್ನ ಕಡೆ ತಳ್ಳತೊಡಗಿದ. ಆಯಿ ದೂರದಿಂದ ನೋಡಿ ತಿಳಿದುಕೊಂಡಳು ಅನಿಸುತ್ತದೆ, ಬಾಯಿಬಿಟ್ಟು ಕೇಳಲಿಲ್ಲ. ಅವತ್ತಿನಿಂದ ಅಪ್ಪ ಕುಡಿದದ್ದು ಬರೀ ಕರಿ ಚಹಾ.

ಹಾಲು ಬರುವುದು ನಿಲ್ಲಲಿಲ್ಲ, ನಾವೆಲ್ಲ ಕುಡಿದು ಬೆಳೆದೆವು. ಆದರೆ ಬಸಣ್ಣ ಕಾಕಾ ತಾನೇ ತಂಬಿಗೆ ಎತ್ತಿ ಕೊಡುವುದನ್ನು ಬಿಟ್ಟ, ಹೆಂಡತಿಯ ಕೈಯಲ್ಲಿ ಕೊಡಿಸತೊಡಗಿದ. ತಮ್ಮಾ ಎಂಬ ಕೂಗು ಕಡಿಮೆಯಾಯಿತು. ಹಬ್ಬಕ್ಕೆ ಹೋಗಿ ಬರುವುದಿತ್ತು, ಮಳೆ ಬೆಳೆಯ ಮಾತಿತ್ತು, ಇಬ್ಬರೂ ಒಬ್ಬರ ಮುಖ ಒಬ್ಬರು ನೆಟ್ಟಗೆ ನೋಡುತ್ತಿರಲಿಲ್ಲ. ನಾನು ಏಳನೇ ಇಯತ್ತೆಯಲ್ಲಿದ್ದಾಗ ಒಂದು ದಿನ ಕಾಕಾ ಸಾಲೆಯ ದಾರಿಯಲ್ಲಿ ಚಕ್ಕಡಿ ನಿಲ್ಲಿಸಿ ನನ್ನನ್ನು ಹತ್ತಿಸಿಕೊಂಡ. ಎತ್ತುಗಳ ಕಡೆ ನೋಡುತ್ತಲೇ ಕೇಳಿದ. "ಜೈಬು, ನಿಮ್ಮಪ್ಪ ನಮ್ಮ ಹಾಲ ಯಾಕ ಬಿಟ್ಟ? ನಿನ್ನ ಮುಂದ ಏನರ ಅಂದಾನೇನು?" ನನ್ನ ನಾಲಗೆಯ ತುದಿಗೆ ಬಂದಿತ್ತು. "ಗೊತ್ತಿಲ್ರಿ ಕಾಕಾ" ಎಂದೆ. ಅವನು ಗೋಣು ಹಾಕಿ ಬಾರುಕೋಲು ಎತ್ತಿದ. ಆಣೆ ಮುರಿಯದ ಒಳ್ಳೆಯ ಹುಡುಗಿ ನಾನು ಎಂದು ಅವತ್ತು ನನಗೆ ನನ್ನ ಮೇಲೆ ಅಭಿಮಾನವೇ ಬಂದಿತ್ತು, ನೋಡಿ ಎಂಥ ಬುದ್ಧಿ.

ಅಪ್ಪನ ಕೆಮ್ಮು ವರ್ಷ ವರ್ಷಕ್ಕೆ ಹೆಚ್ಚಿತು. ಬಿಲ್ಲಿನ ದನಿ ನಡುನಡುವೆ ನಿಲ್ಲುತ್ತಿತ್ತು, ಕೆಮ್ಮಿನ ದನಿ ಆ ಸಂದು ತುಂಬುತ್ತಿತ್ತು. ಅರಳೆಯ ಧೂಳು ಎದೆಯಲ್ಲಿ ಕೂತಿದೆ ಎಂದು ಹುಬ್ಬಳ್ಳಿಯ ಡಾಕ್ಟರು ಹೇಳಿದರು. ಹಾಲು ಕುಡಿದಿದ್ದರೆ ಅಪ್ಪ ಉಳಿಯುತ್ತಿದ್ದ ಎನ್ನುವಷ್ಟು ದಡ್ಡಿ ನಾನಲ್ಲ. ಆದರೆ ಆ ಬಿಸಿ ಹಾಲು ಅವನ ಗಂಟಲಿಗೆ ಕೊಡುತ್ತಿದ್ದ ಸುಖವನ್ನು ಕಣ್ಣಾರೆ ಕಂಡವಳು ನಾನು. ಕರಿ ಚಹಾ ಗುಟುಕರಿಸಿ ಕೆಮ್ಮುತ್ತ ಗೋಡೆಯ ಕಡೆ ನೋಡುತ್ತಿದ್ದುದನ್ನೂ ಕಂಡವಳು. ಎಂಬತ್ತೈದನೇ ಇಸವಿಯಲ್ಲಿ ಅಪ್ಪ ತೀರಿಕೊಂಡ. ಮಣ್ಣು ಕೊಡುವಾಗ ಬಸಣ್ಣ ಕಾಕಾ ಎಲ್ಲರಿಗಿಂತ ಹಿಂದೆ, ಬೇಲಿಯ ಹತ್ತಿರ ನಿಂತಿದ್ದನಂತೆ.

ಮೂರನೆಯ ದಿನ ಬೆಳಿಗ್ಗೆ ಕಾಕಾ ತಾನೇ ತಂಬಿಗೆ ಹಿಡಿದು ಮುಂಬಾಗಿಲಿನಿಂದ ಬಂದ, ಬಂದ ಮಂದಿಯ ಚಹಾಕ್ಕೆ ಹಾಲು. ಪಡಸಾಲೆಯಲ್ಲಿ ನಾನೊಬ್ಬಳೇ ಇದ್ದೆ. ಹತ್ತೊಂಬತ್ತು ವರ್ಷದವಳು, ಇನ್ನು ತಡೆಯಲಾರೆ ಅನಿಸಿ ಉಸಿರು ತೆಗೆದುಕೊಳ್ಳದೆ ಎಲ್ಲ ಹೇಳಿಬಿಟ್ಟೆ. ಸವಣೂರಿನ ಪರಾತ, ಆ ತುಂಡು, ಆಣೆ. ಆ ಬಾಯಲ್ಲಿ ನಿಮ್ಮ ಹಾಲು ಕುಡಿಯುವುದು ಅವನಿಂದ ಆಗಲಿಲ್ಲ ಕಾಕಾ, ಅಷ್ಟೇ, ಎಂದೆ. ಕಾಕಾ ತಂಬಿಗೆಯನ್ನು ಕೆಳಗಿಟ್ಟು ಅಲ್ಲೇ ಕೂತ.

"ಅಂವ ನನಗ ಹೆದರಿದ್ನಾ?" ಎಂದ. ಆಮೇಲೆ, "ನಾ ಅವಗ ಹೆದರಿದ್ದೆ ಯವ್ವಾ" ಎಂದ. "ಆ ವರ್ಷ ನಮ್ಮ ಎತ್ತು ಕೆಂದನ್ನ ಸವಣೂರ ಸಂತ್ಯಾಗ ಮಾರಿದೆ. ಕೆಂಪಿ ಮೊಮ್ಮಗ ಅದು. ಮುದಿ ಎತ್ತು, ನೊಗಕ್ಕ ಬರತಿದ್ದಿಲ್ಲ. ಯಾರು ತೊಗೊಂಡ್ರು, ಯಾಕ ತೊಗೊಂಡ್ರು, ನನಗ ಗೊತ್ತಿತ್ತು. ಹಿರೇಕೆರೂರ ಕಡೆ ಒಬ್ಬ ಒಕ್ಕಲಿಗಗ ಕೊಟ್ಟೇನಿ ಅಂತ ನಿಮ್ಮಪ್ಪನ ಮುಂದ ಸುಳ್ಳ ಹೇಳಿದ್ದೆ. ಅಂವ ಹಾಲ ಬಿಟ್ಟ ಕೂಡಲೆ, ಖರೇ ಏನು ಅಂತ ಅವಗ ತಿಳೀತು, ಅದಕ್ಕ ನನ್ನ ಕೈಯಾಂದು ಒಲ್ಲ ಅಂತಾನ ಅಂದ್ಕೊಂಡೆ."

"ನೀವು ಸವಣೂರಿಗೆ ಹೋಗಿದ್ದು ಯಾವಾಗ?" ಎಂದು ಕಾಕಾ ಕೇಳಿದ. ಕಾರಹುಣ್ಣಿವೆ ಮುಗಿದ ವಾರ, ಶುಕ್ರವಾರ, ಎಂದೆ. ಅವನು ಕೆಂದನನ್ನು ಮಾರಿದ ಸಂತೆಯ ದಿನದಿಂದ ಹಿಡಿದು ಹೆಬ್ಬೆರಳಿನಿಂದ ಬೆರಳ ಗೆಣ್ಣು ಎಣಿಸುತ್ತ ಹೋದ. ಅರ್ಧಕ್ಕೆ ನಿಲ್ಲಿಸಿ ಮುಷ್ಟಿ ಮುಚ್ಚಿದ. "ಇರ್ಲಿ ಬಿಡು" ಎಂದು ಎದ್ದು ಹೋದ.

ಈಗ ಕಾಕಾನೂ ಇಲ್ಲ, ಆಯಿ ಇಲ್ಲ, ಆ ಎರಡು ಮನೆಗಳ ಜಾಗದಲ್ಲಿ ಯಾರದೋ ಗೋದಾಮು ಇದೆ. ಅವನು ಅರ್ಧಕ್ಕೆ ಬಿಟ್ಟ ದಿನಗಳನ್ನು ನಾನು ಎಷ್ಟೋ ಸಲ ಎಣಿಸಿ ನೋಡಿದ್ದೇನೆ. ಆ ಸಂತೆಗೂ ಆ ಪರಾತಕ್ಕೂ ಒಮ್ಮೆ ತಾಳೆಯಾಗುತ್ತದೆ, ಒಮ್ಮೆ ಆಗುವುದಿಲ್ಲ. ಅದು ಹೋಗಲಿ. ಒಂದೇ ಗೋಡೆಯ ಆಚೆ ಈಚೆ ಇಬ್ಬರು ಹನ್ನೊಂದು ವರ್ಷ ಒಬ್ಬರಿಗೊಬ್ಬರು ಹೆದರಿಕೊಂಡು ಕೂತಿದ್ದರು. ಒಂದು ಮಾತು ಹೇಳಬಹುದಾಗಿದ್ದ ನಾನು ದಿನಾ ಅವರ ನಡುವೆ ಓಡಾಡಿಕೊಂಡಿದ್ದೆ.