ವಾಸನೆ ನಿಂತ ಹೊತ್ತು

ಬೆಳಿಗ್ಗೆ ಹತ್ತೂ ಇಪ್ಪತ್ತಕ್ಕೆ ವಾಸನೆ ನಿಂತಿತು. ಅಲ್ಲಿಯವರೆಗೆ ಕೊಳೆತ ಮೊಟ್ಟೆಯಂಥ ನಾತಕ್ಕೆ ಮೂಗು ಮುಚ್ಚಿಕೊಂಡಿದ್ದೆ. ಕೈ ಕೆಳಗಿಳಿಸುವಾಗ ಕೈಗಡಿಯಾರ ಕಣ್ಣಿಗೆ ಬಿತ್ತು, ಅದಕ್ಕೇ ಸಮಯ ನೆನಪಿದೆ. ಯಾರೋ ದೀಪ ಆರಿಸಿದಷ್ಟು ಥಟ್ಟನೆ ನಾತ ಇಲ್ಲವಾಗಿತ್ತು.

ನಾವಿದ್ದದ್ದು ಐರ್ಲೆಂಡಿನಲ್ಲಿ, ಹಸು ಸಾಕುವ ಒಂದು ಮನೆಯಲ್ಲಿ. ನನ್ನ ಓದು ಮುಗಿದಿತ್ತು, ಊರಿಗೆ ಮರಳಲು ಇನ್ನೂ ಕೆಲವು ತಿಂಗಳಿದ್ದವು. ಗಂಡ ಹೆಂಡತಿ ಇಬ್ಬರೂ ಅಲ್ಲಿ ಇಲ್ಲಿ ಹೊಲ, ಕೊಟ್ಟಿಗೆಗಳಲ್ಲಿ ದುಡಿಯುತ್ತ, ಆ ಮನೆಯವರ ಜೊತೆಯೇ ಉಂಡು ಮಲಗುತ್ತ ದೇಶ ಸುತ್ತುತ್ತಿದ್ದೆವು. ಈ ಮನೆಯಲ್ಲಿದ್ದದ್ದು ಯಜಮಾನ, ಅವನ ಹೆಂಡತಿ, ಇವರನ್ನು ಕಂಡರೆ ಬೆನ್ನು ಬಿಡದ ಒಂದು ನಾಯಿ. ಇವರು ಅಂದರೆ ನನ್ನ ಗಂಡ.

ಅಲ್ಲಿಯ ಕೊಟ್ಟಿಗೆಯ ಕೆಳಗೇ ಸಗಣಿಯ ದೊಡ್ಡ ಗುಂಡಿ. ಹುಲ್ಲುಗಾವಲಿಗೆ ಹಾಕುವ ಮುಂಚೆ ಟ್ರ್ಯಾಕ್ಟರಿನ ಯಂತ್ರದಿಂದ ಅದನ್ನು ಕಲಕುತ್ತಾರೆ. ಕಲಕಿದಾಗ ಕೆಟ್ಟ ಗಾಳಿ ಮೇಲೇಳುತ್ತದೆ, ತಾನು ಹೇಳುವವರೆಗೆ ಯಾರೂ ಒಳಗೆ ಹೋಗಬಾರದು ಎಂದು ಯಜಮಾನ ಹೇಳಿ ಆಚೆ ಬದಿಯಲ್ಲಿ ಟ್ರ್ಯಾಕ್ಟರು ಹತ್ತಿದ್ದ. ಹಸುಗಳನ್ನೆಲ್ಲ ಹೊರಗೆ ಅಟ್ಟಿ ನಾವಿಬ್ಬರೂ ಬಾಗಿಲ ಬಳಿ ನಿಂತಿದ್ದೆವು. ಮೂಲೆಯಲ್ಲಿದ್ದ ಒಂದು ಕರು ಮಾತ್ರ ಉಳಿದುಬಿಟ್ಟಿತ್ತು. ಅದು ಕೂಗುತ್ತಿತ್ತು. ಮಂಜು ಕವಿದಿತ್ತು, ಒಂದು ಎಲೆಯೂ ಅಲ್ಲಾಡುತ್ತಿರಲಿಲ್ಲ.

ವಾಸನೆ ನಿಂತ ಮೇಲೆ ಕರುವಿನ ಕೂಗೂ ನಿಂತಿತು.

"ವಾಸ್ನಿ ಹೋಯ್ತಲೆ ಮಾರಾಯ್ತಿ. ಕರು ಬಿಡ್ಸಿ ಈಗ್ ಬತ್ತೆ," ಎಂದರು ಇವರು.

"ಹ್ವಾಯ್, ಬ್ಯಾಡ. ಅವ್ರ್ ಹೇಳ್ಲಿಲ್ಲ ಇನ್ನೂ."

"ನಾತ ಇದ್ರಲೆ ಹೆದ್ರೂಕೆ? ನೀ ಹಗ್ಗ ಹಿಡ್ಕೋ ಕಾಂಬ."

ನನಗೂ ಆ ಮಾತು ಸರಿಯೆನಿಸಿತು. ನನ್ನ ತವರು ಬ್ರಹ್ಮಾವರದ ಹತ್ತಿರ. ಅಲ್ಲಿ ಅಡುಗೆ ಗೋಬರ್ ಗ್ಯಾಸಿನಲ್ಲಿ. ವಾಸನೆ ಬಂದರೆ ಕಡ್ಡಿ ಗೀರಬೇಡ, ಹೋದ ಮೇಲೆ ಗೀರು ಎಂದು ಅಮ್ಮ ಕಲಿಸಿದ್ದಳು. ಇವರದು ಬೈಂದೂರಿನ ಕಡಲ ಬದಿಯ ಮೀನಿನ ಮನೆ. ಅಲ್ಲಿಯೂ ಯಾವುದು ಕೆಟ್ಟಿದೆ, ಯಾವುದು ಕೆಟ್ಟಿಲ್ಲ ಎಂದು ಹೇಳುವುದು ಮೂಗೇ. ಇಬ್ಬರೂ ಹುಟ್ಟಿದಾಗಿನಿಂದ ಮೂಗನ್ನು ನಂಬಿದವರು.

ಕೈರಂಪಣಿ ಬಲೆಯನ್ನು ದಡದಿಂದ ಎಳೆಯುವವರು ಹಗ್ಗವನ್ನು ಸೊಂಟಕ್ಕೆ ಸುತ್ತಿಕೊಳ್ಳುತ್ತಾರೆ. ಇವರಿಗೆ ಆ ಅಭ್ಯಾಸ ಬಿಟ್ಟಿರಲಿಲ್ಲ. ಕರು ಹಿಡಿಯಲು ಹೋಗುವಾಗಲೂ ಹಗ್ಗದ ಒಂದು ತುದಿ ಸೊಂಟಕ್ಕೆ, ಇನ್ನೊಂದು ನನ್ನ ಕೈಗೆ. "ಕರುವನ್ನು ಹಿಡಿಯುತ್ತೀರೋ, ಗಂಡನನ್ನೋ?" ಎಂದು ಮನೆಯಾಕೆ ದಿನವೂ ನಗುತ್ತಿದ್ದಳು.

ಇವರು ಬಾಗಿಲು ದಾಟಿದರು. ನಾಯಿ ದಾಟಲಿಲ್ಲ. ಅದು ಅಂಗಳದ ನಡುವೆ ಕುಳಿತು ಬಾಗಿಲನ್ನೇ ನೋಡುತ್ತಿತ್ತು. ಬೊಗಳಲಿಲ್ಲ. ಮಾಡಿನ ಅಡ್ಡತೊಲೆಗಳಲ್ಲಿ ಸದಾ ಗಲಾಟೆ ಮಾಡುವ ಹಕ್ಕಿಗಳ ಸದ್ದು ಯಾವಾಗ ನಿಂತಿತ್ತೋ ತಿಳಿಯದು. ಬಾಗಿಲ ಬಳಿ ನೆಲದ ಮೇಲೆ ಕಪ್ಪು ಅಕ್ಕಿ ಚೆಲ್ಲಿದಂತೆ ಕಂಡದ್ದು ಸತ್ತ ನೊಣಗಳು. ನನ್ನ ತಲೆ ಭಾರವಾಗಿ, ಹಗ್ಗ ಬಿಡದೆ ಹಿಂದಕ್ಕೆ ಸರಿದೆ.

ಇವರು ಏನೋ ಹೆಕ್ಕಲು ಬಗ್ಗಿದ ಹಾಗೆ ಮೊಣಕಾಲೂರಿದರು. ಆಮೇಲೆ ಮೆಲ್ಲಗೆ ಮಗ್ಗುಲಾದರು. ಕೂಗಲಿಲ್ಲ, ಕೆಮ್ಮಲಿಲ್ಲ. ಒಳಗೆ ಏನೂ ಇರಲಿಲ್ಲ. ಹೊಗೆಯಿಲ್ಲ, ಬೆಂಕಿಯಿಲ್ಲ, ವಾಸನೆಯೂ ಇಲ್ಲ.

ನಾನು ಬಾಗಿಲಿಗೆ ಓಡಿದೆ. ಹಿಂದಿನಿಂದ ಯಾರೋ ನನ್ನ ಸ್ವೆಟರನ್ನು ಕುತ್ತಿಗೆ ಬಿಗಿಯುವಷ್ಟು ಜಗ್ಗಿ ಹಿಡಿದರು. ಮನೆಯಾಕೆ. "ಹೋದರೆ ಇಬ್ಬರಾಗುತ್ತೀರಿ," ಎಂದಳು. ನಾನು ಅವಳನ್ನು ಹೊಡೆದೆ, ಕೈ ಕಚ್ಚಿದೆ. ಅವಳು ಬಿಡಲಿಲ್ಲ. ಆಗ ಅವಳ ಕಣ್ಣು ನನ್ನ ಕೈಯಲ್ಲಿದ್ದ ಹಗ್ಗದ ಮೇಲೆ ಬಿತ್ತು.

ಇಬ್ಬರೂ ಎಳೆದೆವು. ಬಲೆ ಎಳೆದ ಹಾಗೆ, ಹಿಂದೆ ಹಿಂದೆ ಹೆಜ್ಜೆ ಹಾಕುತ್ತ. ಇವರು ಸಿಮೆಂಟಿನ ಮೇಲೆ ತರಚುತ್ತ ಅಂಗಳಕ್ಕೆ ಬಂದರು, ಮುಖ ಬೂದಿಯ ಬಣ್ಣ. ಅಷ್ಟರಲ್ಲಿ ಯಜಮಾನನೂ ಓಡಿ ಬಂದು, ಮಂಜಿನಲ್ಲಿ ಇನ್ನೂ ದೂರ ಎಳೆದೊಯ್ದು ಎದೆ ಒತ್ತಿದ. ಉಸಿರು ಬಂತು. ಕರು ಬರಲಿಲ್ಲ. ಆಮೇಲೆ ನೋಡಿದರೆ ಅದು ಕಾಲು ಮಡಚಿಕೊಂಡು ನಿದ್ದೆ ಹೋದಂತೆ ಇತ್ತಂತೆ.

ಆಸ್ಪತ್ರೆಯ ವೈದ್ಯೆ ವಿವರಿಸಿದಳು. ಆ ಗಾಳಿ ಕಡಿಮೆಯಿದ್ದಾಗ ನಾರುತ್ತದೆ. ಹೆಚ್ಚಾದರೆ ಮೊದಲು ಕೊಲ್ಲುವುದು ಮೂಗನ್ನು. ವಾಸನೆ ಹೋದದ್ದಲ್ಲ, ನಮ್ಮ ಮೂಗು ಸತ್ತದ್ದು.

ಅಂದಿನಿಂದ ನಿದ್ದೆ ಕೆಟ್ಟಿತು. ಯಾವ ವಾಸನೆಯಾದರೂ ಸ್ವಲ್ಪ ಹೊತ್ತಿಗೆ ಮೂಗಿಗೆ ರೂಢಿಯಾಗಿ ತಿಳಿಯದಾಗುತ್ತದಲ್ಲ, ನನಗೆ ಎಚ್ಚರವಾಗುತ್ತಿದ್ದದ್ದು ಆಗಲೇ. ಮೂಗು ಬದುಕಿದೆಯೇ ಎಂದು ದಿಂಬಿನ ಬಳಿ ಇಟ್ಟುಕೊಂಡ ಬೆಳ್ಳುಳ್ಳಿ ಮೂಸುತ್ತಿದ್ದೆ, ಇವರ ಮೂಗಿನ ಕೆಳಗೆ ಬೆರಳಿಡುತ್ತಿದ್ದೆ. ಇವರೂ ಎಚ್ಚರವಾಗಿಯೇ ಇರುತ್ತಿದ್ದರು. "ವಾಸ್ನಿ ಬತ್ತಾ?" "ಬತ್ತ್." ಕಣ್ಣು ಹತ್ತಿದರೆ ನಾನು ಹಗ್ಗ ಎಳೆಯುತ್ತಿದ್ದೆ, ಹಗ್ಗ ಹಗುರವಾಗಿ, ಖಾಲಿಯಾಗಿ ಬರುತ್ತಿತ್ತು.

ಬೈಂದೂರಿಗೆ ಮರಳಿದ ಮೇಲೂ ಅದೇ. ಗೋಡೆಯಾಚೆಯಿಂದ ಅತ್ತೆ ಕೇಳಿಸಿಕೊಂಡಿದ್ದರು. "ಎಂತ ರಾತ್ರಿಯಿಡೀ ಮೂಸೂದ್ ಮಾರ್ರೆ? ಈ ಮನಿಗ್ ಇನ್ ನಾಯಿ ಸಾಕೂದೇ ಬ್ಯಾಡ."

ಒಂದು ಸಂಜೆ ಅಕಾಲದ ಮಳೆ ಮೋಡ ಕವಿಯಿತು. ಅಂಗಳದಲ್ಲಿ ಒಣಗುತ್ತಿದ್ದ ಬಂಗುಡೆಯನ್ನು ಅತ್ತೆ ಬಾಚಿ, ಚೀಲಗಳಲ್ಲಿ ತುಂಬಿ ನಮ್ಮ ಕೋಣೆಗೇ ತಂದು ಇಟ್ಟರು. "ಒಂದಿನ ಸುಧಾರ್ಸ್ಕಣಿ," ಎಂದರು. ಹಿಂದೆಯೇ ನೊಣಗಳೂ ಬಂದವು. ಅವು ದೀಪದ ಸುತ್ತ ಗುಂಯ್‌ಗುಡುವುದನ್ನು ಕೇಳುತ್ತ ಮಲಗಿದೆ. ಸ್ವಲ್ಪ ಹೊತ್ತಿಗೆ ಮೀನಿನ ನಾತ ತಿಳಿಯದಾಯಿತು. ನೊಣಗಳ ಸದ್ದು ಮಾತ್ರ ಇತ್ತು, ಅವು ಬದುಕಿದ್ದವು.

ಅತ್ತೆ ಬಾಗಿಲು ದೂಡಿ ಒಳಗೆ ಬಂದ ಸದ್ದಿಗೆ ಎಚ್ಚರವಾಯಿತು. ಕಿಟಕಿಯ ತುಂಬ ಬಿಸಿಲು.

"ಬೆಕ್ಕ್ ಒಳ್ಗ್ ಬಂದ್ ಅರ್ಧ ಚೀಲ ಬಂಗ್ಡಿ ತಿಂದಿತಲೆ! ಇಬ್ರಿಗೂ ಎಚ್ರ ಇಲ್ಯಾ? ದಿನಾ ಗೂಬಿ ಹಾಂಗ್ ಕೂತ್ಕಂತ್ರಿ, ನಿನ್ನಿ ಎಂತ ಆಯ್ತ್ ನಿಮ್ಗೆ?"

ಇವರು ಕಣ್ಣು ತೆರೆಯಲೇ ಇಲ್ಲ. ನಾನು ಬೆರಳಿಟ್ಟು ನೋಡಲು ಹೋದೆ. ಬೇಕಾಗಲಿಲ್ಲ. ಗೊರಕೆ ಹೊಡೆಯುತ್ತಿದ್ದರು.