ಅರ್ಧಕ್ಕೇ ಎದ್ದು ಹೋಗುವ ತಕರಾರಕ್ಕ

ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವ ಟೆಸ್ಟರ್ ತಕರಾರಕ್ಕ ಶುದ್ಧ ಮೈಗಳ್ಳಿ ಎಂದು ಹೊಸಬ ಮೊದಲ ವಾರವೇ ತೀರ್ಮಾನಿಸಿಬಿಟ್ಟಿದ್ದ. ಎರಡು ಸಾಲು ಟೈಪ್ ಮಾಡುವುದು, ಎದ್ದು ನೀರಿನ ಕ್ಯಾನಿನತ್ತ ನಡೆಯುವುದು. ಮತ್ತೆರಡು ಸಾಲು, ಮತ್ತೆ ಕಿಟಕಿ. ಊಟದ ಹೊತ್ತಿಗೆ ಹನ್ನೊಂದು ಸಲ! ಅದನ್ನು ಎಣಿಸುತ್ತ ಕೂತ ತಾನು ಅಷ್ಟು ಹೊತ್ತೂ ಒಂದಕ್ಷರ ಬರೆದಿಲ್ಲವೆಂಬುದು ಮಹಾಶಯನಿಗೆ ಹೊಳೆದಿರಲಿಲ್ಲ. ಕನಿಕರ ಉಕ್ಕಿ, "ಅಕ್ಕಾ, ಶುಗರ್ ಏನಾದ್ರೂ ಇದೆಯಾ?" ಎಂದೂ ಕೇಳಿದ್ದ.

"ಇಲ್ಲಪ್ಪ, ಕೆಲಸ ಇದೆ" ಎಂದಿದ್ದರು ಅಕ್ಕ.

ಆರು ತಿಂಗಳ ಪ್ರೊಬೇಷನ್ನಿನ ಕೊನೆಯ ದಿನ ಬಂತು. ಆಸ್ಪತ್ರೆಗಳ ದಾಖಲೆ ವಿಭಾಗಕ್ಕೆಂದು ಅವನು ಕಟ್ಟಿದ ಕ್ವೆರಿ ಎಡಿಟರ್, ಅಂದರೆ ಡೇಟಾಬೇಸಿನ ರಾಶಿಯಿಂದ ಬೇಕಾದ್ದನ್ನು ಹೆಕ್ಕಲು ಪ್ರಶ್ನೆ ಬರೆಯುವ ಪರದೆ, ಸಂಜೆ ಐದಕ್ಕೆ ಹೊರಬೀಳಬೇಕು. ಅಕ್ಕ ಒಪ್ಪಿದರೆ ಕೆಲಸ ಕಾಯಂ. ಒಮ್ಮೆ "ತಡೆ" ಎಂದು ಬರೆದರೂ ಇನ್ನಾರು ತಿಂಗಳು ತೂಗುಯ್ಯಾಲೆ.

ಅವನ ಹೆಮ್ಮೆಯೆಲ್ಲ ಸೇವ್ ಬಟನ್ನಿನದು. ಪ್ರಶ್ನೆಯಲ್ಲಿ ಒಂದು ಅಲ್ಪವಿರಾಮ ತಪ್ಪಿದರೂ ಅದು ಬೂದುಬಣ್ಣಕ್ಕೆ ತಿರುಗಿ ಮುಖ ಊದಿಸಿಕೊಳ್ಳುತ್ತಿತ್ತು. ಎಷ್ಟು ಒತ್ತಿದರೂ ಜಪ್ಪಯ್ಯ ಎನ್ನುತ್ತಿರಲಿಲ್ಲ. ಎಲ್ಲ ಸರಿಯಿದ್ದರಷ್ಟೇ ನೀಲಿ.

ಮೂರು ಗಂಟೆಗೆ ಅಕ್ಕ ಹತ್ತೊಂಬತ್ತು ಸಾಲು ಬರೆದು, ಇಪ್ಪತ್ತನೆಯದರ ನಡುವೆ ಎದ್ದು ಹೋದರು. ಬರುವಷ್ಟರಲ್ಲಿ, ಯಾರೂ ಮುಟ್ಟದ ಎಡಿಟರ್ ತಾನಾಗಿ ಲಾಗ್‌ಔಟ್ ಆಗಿತ್ತು. ಮತ್ತೆ ಒಳಹೊಕ್ಕರೆ ಪರದೆ ಬೋಳು.

"ಎಲ್ಲೋ ನನ್ನ ಹತ್ತೊಂಬತ್ತು ಸಾಲು?"

"ಪೂರ್ತಿ ಮಾಡದೆ ಎದ್ರೆ ಹೇಗಕ್ಕಾ ಉಳಿಯುತ್ತೆ? ತಪ್ಪಿರೋದನ್ನ ಸೇವ್ ಮಾಡೋಕೆ ಬಿಡಲ್ಲ ಅದು."

"ಹದಿನಾಲ್ಕು ವರ್ಷ ಆಸ್ಪತ್ರೆ ಕೌಂಟರಲ್ಲಿ ಕೂತಿದ್ದೆ ಕಣಪ್ಪ. ಒಂದೇ ಒಂದು ಸಾಲು ಒಂದೇ ಉಸಿರಿಗೆ ಮುಗಿಸೋಕೆ ಯಾರೂ ಬಿಡಲಿಲ್ಲ. ಒಬ್ಬರಿಗೆ ರಿಪೋರ್ಟು, ಇನ್ನೊಬ್ಬರಿಗೆ ಲಿಫ್ಟ್ ಎಲ್ಲಿ ಅಂತ ಹೇಳ್ಬೇಕು. ತಪ್ಪಿರೋ ಪ್ರಶ್ನೇನ ಓಡಿಸಬೇಡ, ಒಪ್ಪಿದೆ. ಇಟ್ಕೊಂಡ್ರೆ ನಿನ್ನ ಗಂಟೇನು ಹೋಗುತ್ತೆ?"

ಅಂದವರೇ ಇನ್ನೊಮ್ಮೆ ಅರ್ಧ ಸಾಲು ಬರೆದು, ಎದ್ದು ಹೋಗಿ ಬಂದು ನೋಡಿದರು: ಮತ್ತೆ ಬೋಳು. "ತಡೆ" ಎಂದು ಬರೆದೇಬಿಟ್ಟರು.

ಹೊಸಬನ ತಲೆಯ ಮೇಲೆ ಆಕಾಶ ಕಳಚಿಬಿತ್ತು. ಮರುಕ್ಷಣವೇ ಆ ತಲೆಯೊಳಗೆ ದೀಪ ಹತ್ತಿತು. ಅಯ್ಯೋ, ಈಯಮ್ಮ ಎದ್ದು ಹೋಗುತ್ತಿದ್ದುದೇ ಪರೀಕ್ಷೆ! "ಸರಿಯಿದೆಯೇ?" ಎಂದು ಕೇಳಬೇಕಾದ್ದು ಪ್ರಶ್ನೆಯನ್ನು ಓಡಿಸುವ ರನ್ ಬಟನ್ನು. ಸೇವ್ ಬಟನ್ನಿಗೆ "ಏನಾದರೂ ಬದಲಾಗಿದೆಯೇ?" ಎಂದು ಗೊತ್ತಾದರೆ ಸಾಕು. ಇಷ್ಟು ಸರಳ! ಬೆರಳುಗಳು ಕೀಲಿಮಣೆಯ ಮೇಲೆ ಕುಣಿದವು. ಆರಿದ ಕಾಫಿಯನ್ನು ನೀರೆಂದು ಕುಡಿದ.

"ಅಕ್ಕಾ, ಬನ್ನಿ ಬನ್ನಿ!"

ಅಕ್ಕ ಒಂದಕ್ಷರ ಒತ್ತಿದರು: ನೀಲಿ. ಅದನ್ನು ಅಳಿಸಿದರು: ಬೂದು. ಅಡ್ಡಾದಿಡ್ಡಿ ಅರ್ಧ ಸಾಲು ಬರೆದು, ಸೇವ್ ಒತ್ತಿ, ಎದ್ದು ನಡೆದರು. ಕಚೇರಿಗೆ ಕಚೇರಿಯೇ ಉಸಿರು ಬಿಗಿಹಿಡಿದು ಅವರ ಬೆನ್ನು ನೋಡುತ್ತಿತ್ತು.

"ಬೇಗ ಬನ್ನಿ ಅಕ್ಕಾ, ನಾಲ್ಕೂಮುಕ್ಕಾಲು!"

"ಬೇಗ ಬಂದ್ರೆ ಅದನ್ನ ಟೆಸ್ಟು ಅಂತಾರೇನೋ?"

ಬಂದು ತೆರೆದರೆ ಅರ್ಧ ಸಾಲು ಅಲ್ಲೇ ಇತ್ತು, ಬಿಟ್ಟುಹೋದ ಹಾಗೇ! ಹೊಸಬ ಹಾರಿದ ರಭಸಕ್ಕೆ ಕುರ್ಚಿ ಗೋಡೆಗೆ ಬಡಿಯಿತು. ಅಕ್ಕ ಒಪ್ಪಿದರು, ಐದಕ್ಕೆ ಸರಿಯಾಗಿ ಎಡಿಟರ್ ಹೊರಬಿತ್ತು.

ಆದರೆ ಬರೆದ "ತಡೆ" ಕಡತದಲ್ಲಿ ಉಳಿದೇ ಉಳಿಯಿತು. ಇನ್ನಾರು ತಿಂಗಳು ಪ್ರೊಬೇಷನ್ ಎಂದು ಮ್ಯಾನೇಜರು ತಣ್ಣಗೆ ಹೇಳಿಹೋದರು. ಹೊಸಬ ಅಕ್ಕನ ಮೇಜಿನ ಮುಂದೆ ನಿಂತು ತಡವರಿಸಿದ.

"ನನ್ನ ಕೆಲಸ ನಿಮ್ಮ ಕೈಲಿದೆ ಅಂತ ಗೊತ್ತಿದ್ದೂ ಬರೆದ್ರಾ, ಅಕ್ಕಾ?"

"ಗೊತ್ತಿತ್ತು. ಅದಕ್ಕೇ ಎರಡು ಸಲ ನೋಡಿ ಬರೆದೆ. ಎರಡು ಸಲಾನೂ ತಪ್ಪು ನಿನ್ನದೇ."