ಹಿತಕಬೇಳೆಗೆ ಬಿದ್ದ ಕೊಂಡಿ

ಹಿತಕಬೇಳೆಗೆಂದು ಅವರೆಕಾಯಿ ಸುಲಿದ ಕೈ ಮೂಗಿನ ಹತ್ತಿರ ಹೋಯಿತು. ಸೊಗಡು ಬಡಿದ ತಕ್ಷಣ ನನ್ನ ವಾರಗಿತ್ತಿ ನೆನಪಾದಳು. ನೆನೆಯಬೇಕೆಂದು ನಾನೇನೂ ಕೂತಿರಲಿಲ್ಲ.

ನಾನು ಗೌರಿಬಿದನೂರಿನಲ್ಲಿ, ಅವಳು ಚಿಂತಾಮಣಿಯಲ್ಲಿ. ಅವಳ ಬಣ್ಣ, ಅವಳ ಜಡೆ ಹೋಗಲಿ ಬಿಡಿ; ಹಬ್ಬಕ್ಕೆ ಎಲ್ಲರೂ ಸೇರಿದಾಗ ನಮ್ಮತ್ತೆ ಅವಳ ಹಿತಕಬೇಳೆ ಸಾರನ್ನೇ ಎರಡನೇ ಸಲ ಬಡಿಸಿಕೊಳ್ಳುತ್ತಿದ್ದರು. ನನ್ನದಕ್ಕೆ "ಚೆನ್ನಾಗದೆ" ಎಂದು ಕೈ ತೊಳೆಯುತ್ತಿದ್ದರು. ಆ ಉರಿ ಅತ್ತೆ ಹೋದ ಮೇಲೂ ಆರಲಿಲ್ಲ...

ಮುದ್ದೇನಹಳ್ಳಿ ಕಡೆ ಓದುತ್ತಿದ್ದ ನನ್ನ ಮೊಮ್ಮಗಳು ಕಂಪ್ಯೂಟರಿನಲ್ಲಿ ಒಂದು ವ್ಯವಸ್ಥೆ ಕಟ್ಟಿದಳು. ನಮ್ಮೂರ ಹೆಂಗಸರು ತಮ್ಮ ದನಿಯಲ್ಲೇ ಹೇಳಿದ ಅಡುಗೆ ನಮ್ಮೂರ ಕಂಪ್ಯೂಟರಿನಲ್ಲಿ, ಚಿಂತಾಮಣಿಯವರದ್ದು ಅಲ್ಲಿಯದರಲ್ಲಿ. ಒಬ್ಬರ ಮಾತಿಗೆ ಇನ್ನೊಬ್ಬರ ಮಾತನ್ನು ಯಾರು ಬೇಕಾದರೂ ಕೊಂಡಿ ಹಾಕಿ ಸೇರಿಸಬಹುದು. ಕೊಂಡಿಗಳನ್ನು ಬೇರೆಯೇ ಇಟ್ಟಿದ್ದಳು, ಹೇಳಿದ ಮಾತಿಗೆ ಯಾರ ಕೈಯೂ ತಾಕದ ಹಾಗೆ. ಹಾಕಿದವರೇ ತೆಗೆಯಬೇಕು.

ಮೊದಲು ನನ್ನ ಹಿತಕಬೇಳೆ ಸಾರನ್ನೇ ಹೇಳಿಸಿದಳು. ಗಸಗಸೆ ಹುರಿದು ಅರೆಯುವುದನ್ನು ವಿವರವಾಗಿ ಹೇಳಿದೆ. ಬೀದಿಯವರೆಲ್ಲ ಫೋನಿನಲ್ಲಿ ಕೇಳಿದರು. ಬೀಗುತ್ತಾ ಓಡಾಡಿದೆ.

ಆಮೇಲೆ ನನ್ನ ಸಾರಿನ ಕೆಳಗೊಂದು ಕೊಂಡಿ ಕಾಣಿಸಿತು. ಒತ್ತಿದರೆ ಚಿಂತಾಮಣಿಯಿಂದ ಅವಳ ದನಿ: "ಅಕ್ಕ ಗಸಗಸೆ ಹಾಕ್ತಾಳೆ. ಹಾಕ್ಬೇಡ್ರಮ್ಮಾ, ಸೊಗಡು ಸತ್ತೋಯ್ತದೆ. ನಾನು ಮಾಡೋದು ನೋಡಿ."

ನನ್ನ ಸಾರಿಗೆ ಬಂದವರೆಲ್ಲ ಅವಳ ಅಡುಗೆಮನೆ ಸೇರತೊಡಗಿದರು.

"ಕಿತ್ತಾಕೇ ಅದನ್ನ" ಎಂದೆ ಮೊಮ್ಮಗಳಿಗೆ.

"ಆಗಲ್ಲ ಅಜ್ಜಿ. ಚಿಕ್ಕಜ್ಜಿ ಹಾಕಿರೋದು, ಅವರೇ ತೆಗೀಬೇಕು."

"ಊರೋರೆಲ್ಲ ಬಂದು ನನ್ನ ಮಾತಿಗೆ ಬಾಲ ಕಟ್ಲಿ ಅಂತ ಬಿಟ್ಟಿದ್ದೀಯಲ್ಲಮ್ಮ, ಇದೇನಾ ನೀನು ಓದಿದ್ದು?"

"ಬಿಟ್ಟಿರೋದಕ್ಕೇ ಕಣಜ್ಜಿ ಎಲ್ರೂ ಬರ್ತಿರೋದು. ನೀನೂ ಒಂದು ಹಾಕು."

ನಾನು ಹಾಕಲಿಲ್ಲ. ವಾರಗಿತ್ತಿಗೇ ಫೋನ್ ಮಾಡಿ ಬೈದೆ. "ನೀನು ಗಸಗಸೆ ಬಿಡಕ್ಕ, ನಾನು ಕೊಂಡಿ ತೆಗೀತೀನಿ" ಎಂದು ನಕ್ಕಳು. ನಾನು ಗಸಗಸೆ ಬಿಡಲಿಲ್ಲ. ಅವಳೂ ತೆಗೆಯಲಿಲ್ಲ. ಬೇಸಿಗೆಯಲ್ಲಿ ಎದೆನೋವೆಂದು ಮಲಗಿದವಳು ಮತ್ತೆ ಏಳಲಿಲ್ಲ...

ಈಗ ಆ ಕೊಂಡಿ ತೆಗೆಯುವವರು ಯಾರೂ ಇಲ್ಲ.

ಇವತ್ತು ಕೈ ತೊಳೆದುಕೊಂಡು ಮೊಮ್ಮಗಳನ್ನು ಕರೆದು ಅವಳ ಸಾರಿಗೆ ನನ್ನದೊಂದು ಕೊಂಡಿ ಹಾಕಿಸಿದೆ: "ಗಸಗಸೆ ಇಲ್ದಿದ್ರೆ ಅದು ಸಾರೇ ಅಲ್ಲ ಕಣೇ." ಅವಳಿದ್ದಿದ್ದರೆ ಸಂಜೆಯೊಳಗೆ ಉತ್ತರ ಕೊಟ್ಟಿರುತ್ತಿದ್ದಳು. ಜನ ಈಗಲೂ ನನ್ನನ್ನು ದಾಟಿ ಅವಳ ಹತ್ತಿರವೇ ಹೋಗುತ್ತಾರೆ, ಹೊಟ್ಟೆ ಉರಿಯುತ್ತದೆ. ಕತ್ತಲಾದ ಮೇಲೆ ಅವಳ ಕೊಂಡಿ ಒತ್ತಿ ನೋಡಿದೆ. ಹಳೆಯದನ್ನೇ ಹೇಳಿದಳು. ಹೊಸದಾಗಿ ಏನೂ ಬೈಯಲಿಲ್ಲ.